ಹಸಿರು ಚೀಟಿಗೆ ಹೊಳೆಯ ಸಾಕ್ಷಿ ಬೇಡವೆ?

ಮಾತಿಗೂ ಪರವಾನಗಿ ಬೇಕಾದ ಕಾಲ ಬಂದಿದೆ. ನಾನು ಹೇಳುತ್ತಿರುವುದು ತುರ್ತುಪರಿಸ್ಥಿತಿಯ ಮಾತಲ್ಲ, ಮಾರುಕಟ್ಟೆಯ ಮಾತು. ಅಂಗಡಿಯಲ್ಲಿ ತೂಗುಹಾಕಿದ ಅಂಗಿಯ ಕೊರಳಿಗೆ ಕಟ್ಟಿದ ಚೀಟಿಯೊಂದು, ‘ಈ ಬಟ್ಟೆಯನ್ನು ಹೊಣೆಯರಿತ ರಸಾಯನ ನಿರ್ವಹಣೆಯಿಂದ ತಯಾರಿಸಲಾಗಿದೆ’ ಎಂದು ಸಾರಿ ಅದರ ಪಕ್ಕದಲ್ಲಿ ಹೆಸರಾಂತ ಚಿಹ್ನೆಯೊಂದನ್ನು ಧರಿಸಬೇಕಾದರೆ, ತಯಾರಕನು ಆ ಹಕ್ಕನ್ನು ಚಿಹ್ನೆಯ ಒಡೆಯನಾದ ಖಾಸಗಿ ಸಂಸ್ಥೆಯಿಂದ ಶುಲ್ಕ ತೆತ್ತು, ಒಪ್ಪಂದಕ್ಕೆ ಸಹಿ ಹಾಕಿ ಪಡೆಯಬೇಕು. ಯಾವ ಪದವನ್ನು ಬಳಸಬಹುದು, ಯಾವುದನ್ನು ಬಳಸಕೂಡದು, ಚಿಹ್ನೆಯ ಬಣ್ಣ ಯಾವುದಿರತಕ್ಕದ್ದು, ಸಂಖ್ಯೆಯನ್ನು ಎಲ್ಲಿ ಮುದ್ರಿಸತಕ್ಕದ್ದು ಎಂಬುದಕ್ಕೆಲ್ಲ ಪುಟಗಟ್ಟಲೆ ನಿಯಮಗಳಿವೆ. ಬಾಯಿಗೆ ಬಂದಂತೆ ‘ಹಸಿರು’, ‘ನಿಸರ್ಗಸ್ನೇಹಿ’ ಎಂದು ಕೂಗಿ ಮಾರುವವರಿಗೆ ಕಡಿವಾಣ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಡಿವಾಣವನ್ನು ಹಿಡಿದವರು ಯಾರು, ಅದು ಯಾರನ್ನು ಕಾಯುತ್ತಿದೆ ಎಂದು ಕೇಳುವ ಹಕ್ಕು ನಮಗುಂಟು. ಈ ಪರವಾನಗಿಯ ನಿಯಮಗಳು ಚಿಹ್ನೆಯ ಮಾನವನ್ನು ಕಾಯುತ್ತವೆಯೇ ಹೊರತು ಹೊಳೆಯ ಪ್ರಾಣವನ್ನಲ್ಲ ಎಂಬುದು ನನ್ನ ಆಪಾದನೆ. ಬಹಿರಂಗವಾಗಿ ಆಡಿದ ಮಾತಿಗೆ ಬಹಿರಂಗವಾದ ಸಾಕ್ಷಿಯೇ ಬೇಕು ಎಂಬುದು ನನ್ನ ವಾದ.

ನಾನು ಕೇಂದ್ರ ಸರ್ಕಾರದ ಅಧಿಕಾರಿ. ಸ್ನಾತಕೋತ್ತರ ಪದವಿಗೆ ರಸಾಯನಶಾಸ್ತ್ರವನ್ನು ಓದಿ, ಆ ಬಳಿಕ ಮೂರು ದಶಕಗಳ ಕಾಲ ಅನುಮತಿ, ಪರವಾನಗಿ, ನಿರಾಕ್ಷೇಪಣಾ ಪತ್ರಗಳ ಕಡತಗಳ ನಡುವೆ ಬದುಕಿದವನು. ಆದುದರಿಂದ ಪರವಾನಗಿ ಎಂಬ ವಸ್ತುವಿನ ಮಹಿಮೆಯೂ ಅದರ ಪೊಳ್ಳುತನವೂ ನನಗೆ ಒಂದಿಷ್ಟು ಪರಿಚಿತ. ಇಲ್ಲಿ ಬರೆದುದು ನನ್ನ ಸ್ವಂತ ಅಭಿಪ್ರಾಯವೆಂದೂ ಇಲಾಖೆಯ ಮಾತಲ್ಲವೆಂದೂ ಓದುಗರು ತಿಳಿಯಬೇಕು.

ಮೊದಲು ವಿಷಯದ ಹಿನ್ನೆಲೆಯನ್ನು ನೋಡೋಣ. ಬಟ್ಟೆಗೆ ಬಣ್ಣ ಕೊಡುವುದು, ಬಿಳಿಚುವುದು, ಮೆದುಮಾಡುವುದು, ನೀರು ತಾಗದಂತೆ ಲೇಪಿಸುವುದು ಇವೆಲ್ಲವೂ ರಸಾಯನದ ಕೆಲಸಗಳೇ. 1994ರಲ್ಲಿ ಜರ್ಮನಿಯು ಕೆಲವು ಅಝೋ ಬಣ್ಣಗಳನ್ನು ನಿಷೇಧಿಸಿತು; ಈ ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೈನುಗಳು ಹುಟ್ಟುತ್ತವೆ ಎಂಬುದು ಕಾರಣ. ನಮ್ಮ ಪರಿಸರ ಸಚಿವಾಲಯವು 1997ರ ಮಾರ್ಚ್‌ನಲ್ಲಿ 70 ಅಝೋ ಬಣ್ಣಗಳ ಬಳಕೆಯನ್ನು ತಡೆದು ಅಧಿಸೂಚನೆ ಹೊರಡಿಸಿತು. ನಮ್ಮ ಕಾರ್ಮಿಕನ ಕೈ ಆ ಬಣ್ಣದಲ್ಲಿ ಎಷ್ಟೋ ವರ್ಷಗಳಿಂದ ಅದ್ದಿಹೋಗಿತ್ತು. ಆದರೆ ಜರ್ಮನ್ ಗ್ರಾಹಕನ ಚರ್ಮದ ಪ್ರಶ್ನೆ ಎದ್ದ ಮೇಲೆಯೇ ನಮಗೆ ಈ 70ರ ಪಟ್ಟಿ ಹೊಳೆಯಿತು. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಯಾರ ದೇಹದ ಸಲುವಾಗಿ ಮಾನದಂಡ ಹುಟ್ಟುತ್ತದೋ ಆ ದೇಹವನ್ನೇ ಅದು ಕಾಯುತ್ತದೆ ಎಂಬ ಸತ್ಯವನ್ನು ನೆನಪಿಡಲು ಹೇಳುತ್ತಿದ್ದೇನೆ.

ಅದೇ ದಶಕದಲ್ಲಿ, 1992ರಲ್ಲಿ, ಯೂರೋಪಿನಲ್ಲಿ ಓಕೋಟೆಕ್ಸ್ ಎಂಬ ಗುರುತು ಹುಟ್ಟಿತು. ಅದರ ‘ಸ್ಟ್ಯಾಂಡರ್ಡ್ 100’ ಎಂಬ ಚೀಟಿಯನ್ನು ನಮ್ಮ ಪೇಟೆಯಲ್ಲೂ ಹಲವರು ನೋಡಿರಬಹುದು. ಅದು ಸಿದ್ಧವಾದ ಬಟ್ಟೆಯಲ್ಲಿ ಹಾನಿಕಾರಕ ವಸ್ತುಗಳು ಮಿತಿ ಮೀರಿ ಉಳಿದಿಲ್ಲ ಎಂದು ಪರೀಕ್ಷಿಸಿ ಹೇಳುತ್ತದೆ. ಉಟ್ಟವನಿಗೆ ಅಪಾಯವಿಲ್ಲ ಎಂಬುದೇ ಅದರ ಅರ್ಥ; ಬಟ್ಟೆಯನ್ನು ತೊಳೆದ ನೀರು ಎಲ್ಲಿಗೆ ಹೋಯಿತು ಎಂಬುದು ಆ ಒಂದು ಚೀಟಿಯ ಪ್ರಶ್ನೆಯಲ್ಲ. ಕಾರ್ಖಾನೆಯನ್ನು ಕುರಿತ ಪ್ರಮಾಣಪತ್ರವನ್ನು ಆ ಸಂಸ್ಥೆಯೇ ಬೇರೆಯಾಗಿ ಇರಿಸಿಕೊಂಡಿದೆ. 2000ದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬ್ಲೂಸೈನ್ ಬಂದಿತು. ಸಾವಯವ ಜವಳಿಗೆ ಗಾಟ್ಸ್ ಎಂಬ ಜಾಗತಿಕ ಮಾನದಂಡ ಬಂದಿತು. 2011ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯು ಹೆಸರಾಂತ ಕಂಪೆನಿಗಳ ಬಟ್ಟೆಗಳನ್ನು ಕೊಂಡು ಪರೀಕ್ಷಿಸಿ, 78ರಲ್ಲಿ 52 ಬಟ್ಟೆಗಳಲ್ಲಿ ನೋನೈಲ್‌ಫೀನಾಲ್ ಇಥಾಕ್ಸಿಲೇಟ್ ಎಂಬ ತೊಳೆವ ರಸಾಯನದ ಶೇಷವಿದೆಯೆಂದು ಪ್ರಕಟಿಸಿತು. ಅದು ನೀರಿಗೆ ಸೇರಿದ ಮೇಲೆ ಒಡೆದು ಜಲಚರಗಳ ಹಾರ್ಮೋನುಗಳನ್ನು ಕೆಡಿಸುವ ವಸ್ತುವಾಗುತ್ತದೆ. ಆ ವರ್ಷವೇ ಆರು ಕಂಪೆನಿಗಳು ಸೇರಿ, 2020ರೊಳಗೆ ಅಪಾಯಕಾರಿ ರಸಾಯನಗಳ ವಿಸರ್ಜನೆಯನ್ನು ಶೂನ್ಯಕ್ಕೆ ತರುವ ಗುರಿಯಿಟ್ಟು ಒಕ್ಕೂಟ ಕಟ್ಟಿದವು. ಇಂದು ಅದು ಝಡ್‌ಡಿಎಚ್‌ಸಿ ಎಂಬ ಹ್ರಸ್ವನಾಮದಿಂದ ಪ್ರಸಿದ್ಧ.

ಈ ಒಕ್ಕೂಟದಿಂದ ಬಂದ ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಸಿದ್ಧ ಬಟ್ಟೆಯಲ್ಲಿ ಏನಿರಬಾರದು ಎಂಬ ಹಳೆಯ ಪಟ್ಟಿಯ ಬದಲಿಗೆ, ತಯಾರಿಕೆಯಲ್ಲಿ ಉದ್ದೇಶಪೂರ್ವಕವಾಗಿ ಏನನ್ನು ಬಳಸಲೇಬಾರದು ಎಂಬ ಪಟ್ಟಿಯನ್ನು ಅದು 2014ರಲ್ಲಿ ಪ್ರಕಟಿಸಿತು. ಇದು ದೊಡ್ಡ ವ್ಯತ್ಯಾಸ. ಬಟ್ಟೆಯನ್ನು ನಾಲ್ಕು ಸಲ ತೊಳೆದು ವಿಷವನ್ನು ಹೊಳೆಗೆ ಬಿಟ್ಟು, ತೊಳೆದ ಬಟ್ಟೆಯನ್ನು ಪರೀಕ್ಷೆಗೆ ಕಳಿಸಿ ಗೆಲ್ಲುವ ಚಾಳಿಗೆ ಈ ಎರಡನೆಯ ಪಟ್ಟಿ ಅಡ್ಡ ಬರುತ್ತದೆ. ತ್ಯಾಜ್ಯನೀರಿಗೂ ಅದು ಮಾರ್ಗಸೂಚಿ ಮಾಡಿದೆ. ತಾನು ಪ್ರಮಾಣಪತ್ರ ಕೊಡುವ ಸಂಸ್ಥೆಯಲ್ಲವೆಂದೂ ತನ್ನ ಹೆಸರಿನಲ್ಲಿ ‘ಪ್ರಮಾಣಿತ’ ಎಂದು ಯಾರೂ ಬರೆಯಕೂಡದೆಂದೂ ಅದು ಹೇಳುತ್ತದೆ. ಓದುಗರು ಇಲ್ಲಿರುವ ವಿಚಿತ್ರವನ್ನು ಗಮನಿಸಬೇಕು: ಸಂಸ್ಥೆಯ ಹೆಸರಿನಲ್ಲೇ ‘ಶೂನ್ಯ’ವಿದೆ, ಆದರೆ ಅದರ ಹೆಸರು ಹಿಡಿದು ಬರುವವನು ಪ್ರಮಾಣಿತನೆಂದು ಹೇಳಿಕೊಳ್ಳುವಂತಿಲ್ಲ. ಹೆಸರು ಕಿವಿಗೆ ಬಿದ್ದ ಗ್ರಾಹಕನು ಶೂನ್ಯವನ್ನೇ ನೆನಪಿಟ್ಟುಕೊಳ್ಳುತ್ತಾನೆ. ಅಡಿಟಿಪ್ಪಣಿಯನ್ನು ಓದುವವರು ಯಾರು?

ಇನ್ನು ಪರವಾನಗಿಯ ನಿಯಮಗಳಿಗೆ ಬರೋಣ. ಈ ಸಂಸ್ಥೆಗಳ ಮಾನದಂಡದ ಪುಸ್ತಕಗಳು ಬಹುಪಾಲು ಬಹಿರಂಗವಾಗಿಯೇ ಇವೆ. ಗಾಟ್ಸ್ ಚಿಹ್ನೆಯ ಜೊತೆಗೆ ಪ್ರಮಾಣೀಕರಿಸಿದವರ ಹೆಸರೂ ಪರವಾನಗಿ ಸಂಖ್ಯೆಯೂ ಇರಬೇಕು. ಓಕೋಟೆಕ್ಸ್ ಚೀಟಿಯಲ್ಲಿ ಪ್ರಮಾಣಪತ್ರದ ಸಂಖ್ಯೆಯೂ ಪರೀಕ್ಷಿಸಿದ ಸಂಸ್ಥೆಯ ಹೆಸರೂ ಇರಬೇಕು. ಅನುಮತಿಯಿಲ್ಲದೆ ಚಿಹ್ನೆ ಬಳಸಿದರೆ ಕ್ರಮ ಜರುಗುತ್ತದೆ. ಹಾಗಾದರೆ ನನ್ನ ದೂರೇನು? ನಿಯಮವು ಬಹಿರಂಗ, ಸಾಕ್ಷಿಯು ಗೋಪ್ಯ ಎಂಬುದೇ ನನ್ನ ದೂರು. ಚೀಟಿಯ ಸಂಖ್ಯೆಯನ್ನು ತಾಳೆ ನೋಡಿದರೆ ‘ಹೌದು, ಈ ಪ್ರಮಾಣಪತ್ರ ಊರ್ಜಿತದಲ್ಲಿದೆ’ ಎಂಬ ಉತ್ತರ ಬರುತ್ತದೆ. ಯಾವ ಊರಿನ ಯಾವ ಬಣ್ಣಗಾರಿಕೆಯಲ್ಲಿ ತಯಾರಾಯಿತು, ಅಲ್ಲಿಂದ ಎಷ್ಟು ನೀರು ಹೊರಬಿದ್ದಿತು, ಅದರಲ್ಲಿ ಏನಿದ್ದಿತು, ತಪಾಸಣೆಗೆ ಹೋದವರು ಕಂಡುದೇನು ಎಂಬುದಕ್ಕೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ನಾನೇ ಒಮ್ಮೆ ಮುಂಬಯಿಯಲ್ಲಿ ಕೊಂಡ ಅಂಗಿಯೊಂದರ ಚೀಟಿಯ ಆಧಾರವನ್ನು ಕೇಳಿ ತಯಾರಕರಿಗೆ ಎರಡು ಪತ್ರ ಬರೆದೆ. ಎರಡನೆಯದಕ್ಕೆ ಸೌಜನ್ಯಪೂರ್ಣವಾದ ಉತ್ತರ ಬಂದಿತು: ಚಿಹ್ನೆಯನ್ನು ಪರವಾನಗಿಯ ಷರತ್ತುಗಳಿಗೆ ಅನುಗುಣವಾಗಿಯೇ ಬಳಸಲಾಗಿದೆ, ತಪಾಸಣೆಯ ವರದಿಯು ಒಪ್ಪಂದದ ಪ್ರಕಾರ ಗೋಪ್ಯ. ಅಂದರೆ, ಸಾರುವುದಕ್ಕೆ ಅನುಮತಿಯುಂಟು, ತೋರಿಸುವುದಕ್ಕೆ ಅನುಮತಿಯಿಲ್ಲ! ನ್ಯಾಯಾಲಯದಲ್ಲಿ ವಾದಿಯೊಬ್ಬನು ‘ನನ್ನ ಬಳಿ ದಾಖಲೆಯಿದೆ, ಆದರೆ ನ್ಯಾಯಾಧೀಶರಿಗೆ ತೋರಿಸಲಾರೆ’ ಎಂದರೆ ಏನಾದೀತು?

ಗೋಪ್ಯತೆಯ ಅಪಾಯ ಕಲ್ಪಿತವಲ್ಲ. 2020ರ ಅಕ್ಟೋಬರ್‌ನಲ್ಲಿ ಗಾಟ್ಸ್ ಸಂಸ್ಥೆಯೇ ನಮ್ಮ ದೇಶದಿಂದ ಬಂದ ಸುಮಾರು 20,000 ಟನ್ ಹತ್ತಿಗೆ ನಕಲಿ ದಾಖಲೆಗಳ ಬೆಂಬಲದಿಂದ ‘ಸಾವಯವ’ ಪಟ್ಟ ಸಿಕ್ಕಿದ್ದನ್ನು ಪತ್ತೆಹಚ್ಚಿ ಪ್ರಕಟಿಸಿತು. ಹನ್ನೊಂದು ಕಂಪೆನಿಗಳನ್ನು ಹೊರಹಾಕಿತು. ತನ್ನ ಮನೆಯ ಕಸವನ್ನು ತಾನೇ ಹೊರಗೆ ಹಾಕಿದ ಆ ಸಂಸ್ಥೆಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಅಷ್ಟು ಟನ್ ಹತ್ತಿ ದಾಖಲೆಗಳ ಸರಪಳಿಯಲ್ಲಿ ಸಾಗಿಹೋಗುವಷ್ಟು ಕಾಲ ಹೊರಗಿನ ಕಣ್ಣೊಂದಕ್ಕೂ ಅದು ಬೀಳಲಿಲ್ಲವಲ್ಲ, ಏಕೆ? ಸರಪಳಿಯ ಕೊಂಡಿಗಳು ಪರಸ್ಪರರಿಗೆ ಮಾತ್ರ ಕಾಣುವಂತಿದ್ದುದರಿಂದ.

ಈಗ ನಾನು ನನ್ನ ವಾದದ ಮುಖ್ಯ ಸಾಕ್ಷಿಯಾಗಿ ಒಂದು ಹೊಳೆಯನ್ನು ಕರೆಯುತ್ತೇನೆ. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ತಿರುಪ್ಪೂರನ್ನು ಹಾದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ನೊಯ್ಯಲ್ ಅದು. ತಿರುಪ್ಪೂರು ನಮ್ಮ ದೇಶದ ಹೆಣಿಗೆ ಬಟ್ಟೆಯ ರಾಜಧಾನಿ. ಅಲ್ಲಿನ ನೂರಾರು ಬಣ್ಣಗಾರಿಕೆಗಳು ಹೊಳೆಗೆ ಬಿಟ್ಟ ನೀರು ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ನಿಂತಿತು. ನೀರಾವರಿಗೆಂದು 1992ರಲ್ಲಿ ಪೂರ್ಣಗೊಂಡ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಬಣ್ಣದ ನೀರಿನ ತೊಟ್ಟಿಯಾಯಿತು. ಯಾವ ರೈತರಿಗಾಗಿ ಅಣೆ ಕಟ್ಟಿದ್ದರೋ ಅದೇ ರೈತರು ಆ ನೀರು ತಮ್ಮ ಹೊಲಕ್ಕೆ ಬೇಡವೆಂದರು, ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕಠಿಣ ಆದೇಶ ನೀಡಿತು. 2009ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೂ ಪಾಲನೆಯಾಗದಿರಲು 2011ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಬಣ್ಣಗಾರಿಕೆಗಳನ್ನೇ ಮುಚ್ಚಿಸಿತು. ಒಂದು ಹನಿಯನ್ನೂ ಹೊರಬಿಡದ ಶುದ್ಧೀಕರಣ ವ್ಯವಸ್ಥೆ ಸಿದ್ಧವಾದ ಮೇಲೆಯೇ ಅವು ಒಂದೊಂದಾಗಿ ತೆರೆದುವು.

ಈ ಪ್ರಕರಣದ ರಸಾಯನವನ್ನು ತುಸು ನೋಡಿ. ನೊಯ್ಯಲ್ ಬಯಲನ್ನು ಬರಡುಮಾಡಿದುದರಲ್ಲಿ ದೊಡ್ಡ ಪಾಲು ಯಾವುದೋ ನಿಗೂಢ ವಿಷದ್ದಲ್ಲ, ಉಪ್ಪಿನದು. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಬಣ್ಣದ ತೊಟ್ಟಿಗೆ ಲೀಟರಿಗೆ ಹತ್ತಾರು ಗ್ರಾಂ ಅಡಿಗೆ ಉಪ್ಪನ್ನೋ ಗ್ಲಾಬರ್ ಲವಣವನ್ನೋ ಸುರಿಯಬೇಕು. ಕೆಲಸ ಮುಗಿದೊಡನೆ ಆ ಉಪ್ಪೆಲ್ಲವೂ ನೀರಿನೊಡನೆ ಹೊರಗೆ. ಒಳನಾಡಿನ ಹೊಳೆಗೆ ಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಮನ್ನು ಮೀರಬಾರದೆಂಬುದು ಆ ಮೊಕದ್ದಮೆಯಲ್ಲಿ ಚರ್ಚೆಗೆ ಬಂದ ಮಿತಿ. ಆದರೆ ಬಟ್ಟೆ ಕಂಪೆನಿಗಳ ನಿಷಿದ್ಧ ರಸಾಯನಗಳ ಪಟ್ಟಿಯಲ್ಲಿ ಅಡಿಗೆ ಉಪ್ಪು ಇಲ್ಲ, ಇರಲೂ ಆಗದು, ಅದು ವಿಷವಲ್ಲವಲ್ಲ! ಆದುದರಿಂದ ‘ಅಪಾಯಕಾರಿ ರಸಾಯನವನ್ನು ಬಳಸದೆ ಮಾಡಿದ ಬಟ್ಟೆ’ ಎಂಬ ಮಾತು ಅಕ್ಷರಶಃ ಸತ್ಯವಾಗಿರಬಹುದು, ಪರವಾನಗಿಯ ಪ್ರತಿ ಷರತ್ತಿಗೂ ಒಪ್ಪುವಂತಿರಬಹುದು, ಅಷ್ಟಾದರೂ ಹೊಳೆ ಸತ್ತಿರಬಹುದು. ಅಝೋ ಬಣ್ಣವಿಲ್ಲವೆಂಬ ಪರೀಕ್ಷೆಯಲ್ಲಿ ಅಂಗಿ ಉತ್ತೀರ್ಣವಾಗುತ್ತಿದ್ದ ಕಾಲದಲ್ಲೇ ಅಂಗಿಯ ಊರಿನ ತೆಂಗಿನ ತೋಟ ಒಣಗಬಹುದಿತ್ತು. ನೊಯ್ಯಲನ್ನು ಕಾಪಾಡಲು ಹೊರಟದ್ದು ಅಂಗಿಯ ಕೊರಳಿನ ಚೀಟಿಯಲ್ಲ. ಹೊಲ ಕಳೆದುಕೊಂಡ ರೈತರ ಅರ್ಜಿ.

ಇಲ್ಲಿ ನಮ್ಮವರಿಗೂ ಒಂದು ಮಾತು. ನೊಯ್ಯಲ್ ಸೇರುವುದು ಕಾವೇರಿಗೆ. ಕಾವೇರಿಯ ಎಷ್ಟು ಟಿಎಂಸಿ ಯಾರ ಪಾಲಿಗೆ ಎಂದು ನಾವು ಎರಡು ರಾಜ್ಯಗಳವರು ಒಂದು ಶತಮಾನಕ್ಕೂ ಮೀರಿ ಕಾದಾಡಿದ್ದೇವೆ. ಆ ನೀರಿನಲ್ಲಿ ಏನು ಕರಗಿದೆ ಎಂದು ಅದರ ಒಂದು ಪಾಲಿನಷ್ಟಾದರೂ ಜಗಳ ಮಾಡಿದ್ದರೆ ಎರಡೂ ಕಡೆಯ ರೈತರಿಗೆ ಉಪಕಾರವಾಗುತ್ತಿತ್ತು. ಪ್ರಮಾಣದ ಜಗಳಕ್ಕೆ ಧ್ವಜವಿದೆ, ಗುಣದ ಜಗಳಕ್ಕೆ ಧ್ವಜವಿಲ್ಲ.

ಖಾಸಗಿಯವರನ್ನು ಜರೆದು ಸರ್ಕಾರವನ್ನು ಬಿಟ್ಟುಬಿಟ್ಟರೆ ಅದು ಸರ್ಕಾರಿ ನೌಕರನ ಪಕ್ಷಪಾತವಾದೀತು. 1991ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಇಕೋಮಾರ್ಕ್ ಎಂಬ ಪರಿಸರ ಚಿಹ್ನೆಯನ್ನು ಘೋಷಿಸಿತು. ಓಕೋಟೆಕ್ಸಿಗಿಂತಲೂ ಒಂದು ವರ್ಷ ಮೊದಲು! ಚಿಹ್ನೆಯಾಗಿ ಆರಿಸಿದ್ದು ಮಣ್ಣಿನ ಮಡಕೆಯನ್ನು. ಇದಕ್ಕಿಂತ ಸೊಗಸಾದ, ನಮ್ಮದೇ ಆದ ಸಂಕೇತ ಇನ್ನೊಂದಿಲ್ಲ. ಜವಳಿಯೂ ಅದರ ವ್ಯಾಪ್ತಿಯಲ್ಲಿತ್ತು. ಆದರೆ ಓದುಗರಲ್ಲಿ ಎಷ್ಟು ಜನ ಆ ಮಡಕೆಯನ್ನು ಯಾವುದಾದರೂ ವಸ್ತುವಿನ ಮೇಲೆ ಕಂಡಿದ್ದೀರಿ? ಮೂರು ದಶಕಗಳ ಕಾಲ ಮಡಕೆ ಬಹುಪಾಲು ಬರಿದಾಗಿಯೇ ಇತ್ತು. ತಯಾರಕನಿಗೆ ಅದನ್ನು ಧರಿಸುವುದರಿಂದ ಲಾಭವಿರಲಿಲ್ಲ, ಗ್ರಾಹಕನಿಗೆ ಅದರ ಪರಿಚಯವಿರಲಿಲ್ಲ, ನಮ್ಮ ಕಚೇರಿಗಳಿಗೆ ಅದನ್ನು ಪರಿಚಯಿಸುವ ಉಮೇದು ಇರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಇಕೋಮಾರ್ಕ್ ನಿಯಮಗಳು ಬಂದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅದರ ಹೊಣೆ ಸಂದಿದೆ. ಸ್ವಾಗತ. ಆದರೆ ಬರಿದಾದ ಮಡಕೆಗೆ ಹೊಸ ಬಣ್ಣ ಬಳಿದ ಮಾತ್ರಕ್ಕೆ ನೀರು ತುಂಬುವುದಿಲ್ಲ.

ಅದೇ ಸರ್ಕಾರ ಬೇರೆ ಕಡೆ ಗೆದ್ದಿದೆ ಎಂಬುದನ್ನೂ ಹೇಳಬೇಕು. ಐಎಸ್‌ಐ ಗುರುತಿನ ಜೊತೆಗೆ ಇರುವ ಪರವಾನಗಿ ಸಂಖ್ಯೆಯಿಂದ ಯಾರು ಬೇಕಾದರೂ ತಯಾರಕನನ್ನು ಪತ್ತೆಹಚ್ಚಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಚಿನ್ನದ ಪ್ರತಿಯೊಂದು ಆಭರಣಕ್ಕೂ ಆರು ಅಕ್ಷರ-ಅಂಕಿಗಳ ಪ್ರತ್ಯೇಕ ಗುರುತು ಕಡ್ಡಾಯವಾಯಿತು. ಒಂದು ಜೊತೆ ಬೆಂಡೋಲೆಯ ಶುದ್ಧತೆಯನ್ನು ಮನೆಯಲ್ಲಿ ಕುಳಿತು ತಾಳೆ ನೋಡಬಹುದಾದ ದೇಶದಲ್ಲಿ, ಒಂದು ಊರಿನ ಕುಡಿವ ನೀರಿಗೆ ಏನು ಸೇರುತ್ತಿದೆ ಎಂಬುದನ್ನು ತಾಳೆ ನೋಡಲಾಗದು ಎಂದರೆ ಅದು ತಂತ್ರಜ್ಞಾನದ ಕೊರತೆಯಲ್ಲ, ಇಚ್ಛೆಯ ಕೊರತೆ.

ಸಾಕ್ಷಿಯೇ ಇಲ್ಲ ಎನ್ನುವಂತಿಲ್ಲ. ಪರಿಸರ ಸಂರಕ್ಷಣಾ ನಿಯಮಗಳಿಗೆ ತೊಂಬತ್ತರ ದಶಕದ ಆದಿಯಲ್ಲಿ ಸೇರಿಸಿದ 14ನೆಯ ನಿಯಮವೊಂದಿದೆ. ಅನುಮತಿ ಪಡೆದ ಕಾರ್ಖಾನೆಯು ಪ್ರತಿವರ್ಷ ಸೆಪ್ಟೆಂಬರ್ 30ರೊಳಗೆ ನಮೂನೆ ಐದರಲ್ಲಿ ಪರಿಸರ ವಿವರಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸತಕ್ಕದ್ದು ಎಂಬುದು ಅದರ ವಿಧಿ. ಎಷ್ಟು ನೀರು ಬಳಸಿತು, ಎಷ್ಟು ಕಚ್ಚಾವಸ್ತು ಬಳಸಿತು, ಎಷ್ಟು ಮಾಲಿನ್ಯ ಹೊರಬಿಟ್ಟಿತು, ಅಪಾಯಕಾರಿ ತ್ಯಾಜ್ಯ ಎಷ್ಟಾಯಿತು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಎಂಥ ದೂರದೃಷ್ಟಿಯ ನಿಯಮ! ಇದರ ಗತಿ ಏನೆಂದು ಕಡತಗಳ ಲೋಕವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಬಂದ ನಮೂನೆಗೆ ಮೊಹರು ಬೀಳುತ್ತದೆ, ಮೊಹರು ಬಿದ್ದ ನಮೂನೆ ಕಡತಕ್ಕೆ ಸೇರುತ್ತದೆ, ಕಡತ ಕಪಾಟಿಗೆ ಸೇರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದಕ್ಕೇ. ಒಂದು ಕಡೆ ಖಾಸಗಿಯವರ ಗೋಪ್ಯ ವರದಿ, ಇನ್ನೊಂದು ಕಡೆ ಸರ್ಕಾರದ ಓದದ ವರದಿ. ನಡುವೆ ಚೀಟಿ ಮಾತ್ರ ಬೆಳಗುತ್ತಿದೆ.

ಕಾನೂನಿನಲ್ಲಿ ದಾರಿಯಿಲ್ಲವೆಂದು ಯಾರೂ ಹೇಳಬಾರದು. 1999ರ ವ್ಯಾಪಾರಚಿಹ್ನೆಗಳ ಅಧಿನಿಯಮದಲ್ಲಿ ‘ಪ್ರಮಾಣೀಕರಣ ಚಿಹ್ನೆ’ ಎಂಬ ಪ್ರತ್ಯೇಕ ವರ್ಗವಿದೆ. ಅಂಥ ಚಿಹ್ನೆಯ ಒಡೆಯನು ತಾನು ಪ್ರಮಾಣೀಕರಿಸುವ ಬಗೆಯ ಸರಕಿನ ವ್ಯಾಪಾರವನ್ನು ಮಾಡುವವನಾಗಿರಕೂಡದು. ಬಳಕೆಯ ನಿಯಮಾವಳಿಯನ್ನು ನೋಂದಣಿ ಕಚೇರಿಯಲ್ಲಿ ಸಲ್ಲಿಸಬೇಕು. ಅದು ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು. ಚಿಹ್ನೆಯಿಂದ ಸಾರ್ವಜನಿಕ ಹಿತ ಇಲ್ಲದಾದರೆ ಅದನ್ನು ರದ್ದುಪಡಿಸಲೂ ಬಹುದು. ಶಾಸನ ಬರೆದವರ ಆಶಯ ಸ್ಪಷ್ಟ: ಪ್ರಮಾಣೀಕರಿಸುವುದು ವ್ಯಾಪಾರವಲ್ಲ, ಸಾರ್ವಜನಿಕ ಕರ್ತವ್ಯ. ಆದರೆ ಸಂಸ್ಥೆಯೊಂದು ತನ್ನ ಚಿಹ್ನೆಯನ್ನು ಈ ವರ್ಗದಲ್ಲಿ ತಾರದೆ, ಸಾಮಾನ್ಯ ವ್ಯಾಪಾರಚಿಹ್ನೆಯಾಗಿ ನೋಂದಾಯಿಸಿ ಬರಿಯ ಒಪ್ಪಂದದ ಮೂಲಕ ಬಳಕೆಗೆ ಕೊಟ್ಟರೆ ಈ ಕಟ್ಟುಪಾಡು ಅದನ್ನು ತಟ್ಟುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ತೆರೆದಿಟ್ಟಂತಾಯಿತು.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಪರಿಸರ ಪ್ರಚಾರವನ್ನು ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’, ‘ನೈಸರ್ಗಿಕ’ ಮುಂತಾದ ಪದಗಳನ್ನು ಆಧಾರವಿಲ್ಲದೆ ಬಳಸಕೂಡದೆಂದು ಅದು ಹೇಳುತ್ತದೆ. ಇದು ನಿಜಕ್ಕೂ ಮುನ್ನಡೆ. ಆದರೆ ಆಧಾರ ಯಾವುದು? ನಂಬಲರ್ಹ ಪ್ರಮಾಣಪತ್ರ, ವೈಜ್ಞಾನಿಕ ಪುರಾವೆ, ತಮ್ಮದೇ ಆದ ಪರಿಶೀಲನಾರ್ಹ ದಾಖಲೆ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಮತ್ತೆ ನಾವು ಅದೇ ಖಾಸಗಿ ಪ್ರಮಾಣಪತ್ರದ ಬಾಗಿಲಿಗೇ ಬಂದು ನಿಂತೆವು. ಯೂರೋಪಿನಲ್ಲೂ ಹೀಗೆಯೇ. ಅಲ್ಲಿ 2024ರಲ್ಲಿ ಅಂಗೀಕೃತವಾದ, 2026ರ ಸೆಪ್ಟೆಂಬರ್ 27ರಿಂದ ಅನ್ವಯವೆಂದು ಗೊತ್ತುಪಡಿಸಿದ ನಿರ್ದೇಶನದ ಪ್ರಕಾರ, ಪ್ರಮಾಣೀಕರಣ ಯೋಜನೆಯ ಆಧಾರವಿಲ್ಲದ, ಸರ್ಕಾರಿ ಸಂಸ್ಥೆಯೂ ಸ್ಥಾಪಿಸದ ಸುಸ್ಥಿರತೆಯ ಚಿಹ್ನೆಗಳಿಗೆ ಅವಕಾಶವಿಲ್ಲ. ಸ್ವೇಚ್ಛೆಯ ಚಿಹ್ನೆಗಳು ಹೋಗುವುದು ಒಳ್ಳೆಯದೇ. ಆದರೆ ಇದರ ಫಲವಾಗಿ ಉಳಿದ ಪ್ರಮಾಣೀಕರಣ ಸಂಸ್ಥೆಗಳ ಬಲ ಇಮ್ಮಡಿಯಾಗುತ್ತದೆ. ನಿನ್ನೆಯವರೆಗೆ ಅವರ ಪರವಾನಗಿ ಒಡವೆಯಾಗಿತ್ತು. ಇನ್ನು ಅದು ರಹದಾರಿ. ರಹದಾರಿ ಕೊಡುವ ಅಧಿಕಾರಕ್ಕೆ ಸಾರ್ವಜನಿಕ ಹೊಣೆಯಿರಬೇಡವೆ?

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ವ್ಯಾಪಾರದ ಗುಟ್ಟು. ಬಣ್ಣದ ಪಾಕವಿಧಾನ ಗುಟ್ಟಾಗಿರಲಿ, ಯಾರೂ ಕೇಳಿಲ್ಲ. ಆದರೆ ಬಣ್ಣಗಾರಿಕೆಯ ಗೋಡೆ ದಾಟಿ ಹೊಳೆಗೆ ಇಳಿದ ನೀರು ಯಾರ ಗುಟ್ಟು? ಅದು ಆಚೆಯ ಊರಿನವನ ಬಾವಿಗೆ ಸೇರಿದ ಕ್ಷಣದಲ್ಲೇ ಅವನ ಸೊತ್ತಾಯಿತು. ಎರಡನೆಯದು ಸಣ್ಣ ಘಟಕಗಳ ಬವಣೆ: ಇಷ್ಟೊಂದು ಪರೀಕ್ಷೆ, ಶುಲ್ಕ, ದಾಖಲೆಗಳನ್ನು ಅವು ಹೊರಲಾರವು ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಅಂಗಿಯ ಬೆಲೆಯಲ್ಲಿ ಸಿಂಹಪಾಲನ್ನು ಮಾರುವವನು ತೆಗೆದುಕೊಂಡು, ಹಸಿರಿನ ಖರ್ಚನ್ನು ಬಣ್ಣ ಹಾಕುವವನ ತಲೆಗೆ ಕಟ್ಟುವುದು ಅನ್ಯಾಯ. ಚೀಟಿಯಿಂದ ಹೆಸರು ಗಳಿಸುವವನು ಯಾರೋ ಪರೀಕ್ಷೆಯ ಖರ್ಚನ್ನೂ ಅವನೇ ಭರಿಸಲಿ. ಮೂರನೆಯದು, ಎರಡು ಖಾಸಗಿ ಪಕ್ಷಗಳ ಒಪ್ಪಂದದಲ್ಲಿ ಮೂರನೆಯವರಿಗೇನು ಕೆಲಸ ಎಂಬುದು. ಒಪ್ಪಂದ ಖಾಸಗಿಯಾದರೆ ಅದರ ಮಾತೂ ಖಾಸಗಿಯಾಗಿರಲಿ. ಚೀಟಿಯನ್ನು ಪೇಟೆಯಲ್ಲಿ ತೂಗುಹಾಕಿದೊಡನೆ ಪೇಟೆಯಲ್ಲಿರುವವರೆಲ್ಲ ಅದರ ಪಕ್ಷದವರಾಗುತ್ತಾರೆ.

ಇದು ಆಗದ ಮಾತಲ್ಲ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. 2022ರ ಜೂನ್‌ನಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರವು, ಹಿಗ್ ಸೂಚ್ಯಂಕದ ನೂಲುಗಳ ಸರಾಸರಿ ಅಂಕಿಗಳನ್ನು ಮುಂದೊಡ್ಡಿ ನಿರ್ದಿಷ್ಟ ಬಟ್ಟೆಯೊಂದರ ಪರಿಸರಗುಣವನ್ನು ಸಾರುವುದು ದಾರಿತಪ್ಪಿಸುವ ಪ್ರಚಾರವೆಂದು ತೀರ್ಮಾನಿಸಿತು. ಸೂಚ್ಯಂಕದ ಹಿಂದಿದ್ದ ಒಕ್ಕೂಟವು ಗ್ರಾಹಕರಿಗೆ ತೋರಿಸುವ ಆ ಯೋಜನೆಯನ್ನು ಅದೇ ತಿಂಗಳಲ್ಲಿ ಜಗತ್ತಿನಾದ್ಯಂತ ತಡೆಹಿಡಿಯಿತು. ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ದೇಶವೊಂದು ‘ನಿಮ್ಮ ಮಾತಿಗೆ ಆಧಾರ ತೋರಿಸಿ’ ಎಂದು ಕೇಳಿತು, ಅಷ್ಟಕ್ಕೇ ಇದಾಯಿತು. ಇನ್ನೊಂದು ನಿದರ್ಶನ ಚೀನಾದ್ದು. ಅಲ್ಲಿ ಮಾ ಜುನ್ ಎಂಬವರು 2006ರಲ್ಲಿ ಸ್ಥಾಪಿಸಿದ ಸಾರ್ವಜನಿಕ ಮತ್ತು ಪರಿಸರ ವ್ಯವಹಾರಗಳ ಸಂಸ್ಥೆಯು, ಸರ್ಕಾರಿ ದಾಖಲೆಗಳಲ್ಲಿ ಚದುರಿಹೋಗಿದ್ದ ಕಾರ್ಖಾನೆಗಳ ಉಲ್ಲಂಘನೆಗಳನ್ನು ಕಲೆಹಾಕಿ ಭೂಪಟದ ಮೇಲೆ ಎಲ್ಲರಿಗೂ ಕಾಣುವಂತೆ ಇರಿಸಿತು. ಹೆಸರಾಂತ ಬಟ್ಟೆ ಕಂಪೆನಿಗಳು ತಮಗೆ ಸರಕು ಒದಗಿಸುವವರ ತ್ಯಾಜ್ಯನೀರಿನ ಅಂಕಿಗಳನ್ನು ಅಲ್ಲಿ ಪ್ರಕಟಿಸಲು ಒಪ್ಪಬೇಕಾಯಿತು. ಪ್ರಜಾಪ್ರಭುತ್ವವೆಂದು ನಾವು ಯಾವ ದೇಶವನ್ನು ಕರೆಯುವುದಿಲ್ಲವೋ ಅಲ್ಲಿ ಸಾಧ್ಯವಾದುದು, ಮಾಹಿತಿ ಹಕ್ಕಿನ ಕಾಯಿದೆಯನ್ನು 2005ರಲ್ಲೇ ಮಾಡಿಕೊಂಡ ನಮ್ಮಲ್ಲಿ ಏಕೆ ಸಾಧ್ಯವಾಗಬಾರದು?

ಆದುದರಿಂದ ನನ್ನ ಬೇಡಿಕೆಗಳು ಮೂರೇ. ಒಂದು: ರಸಾಯನ ನಿರ್ವಹಣೆಯ ಬಗ್ಗೆ ಸಾರ್ವಜನಿಕವಾಗಿ ಹೇಳಿಕೆ ಕೊಡುವ ಯಾವ ಸರಕಿಗೂ, ಅದು ತಯಾರಾದ ಕಾರ್ಖಾನೆಯ ಹೆಸರು, ಊರು, ತ್ಯಾಜ್ಯನೀರಿನ ಪರೀಕ್ಷಾ ಫಲ ಮತ್ತು ನಮೂನೆ ಐದರ ವಿವರಣೆ ಎಲ್ಲರಿಗೂ ತೆರೆದಿರುವುದು ಪರವಾನಗಿಯ ಮೊದಲ ಷರತ್ತಾಗಬೇಕು. ತೋರಿಸಲು ಒಪ್ಪದವನಿಗೆ ಸಾರಲು ಹಕ್ಕಿಲ್ಲ. ಎರಡು: ಅಂಥ ಚಿಹ್ನೆಗಳು ಭಾರತದಲ್ಲಿ ಬಳಕೆಯಾಗಬೇಕಾದರೆ ಪ್ರಮಾಣೀಕರಣ ಚಿಹ್ನೆಯಾಗಿಯೇ ನೋಂದಣಿಯಾಗಬೇಕು, ಸಾ ಮಾನ್ಯ ವ್ಯಾಪಾರಚಿಹ್ನೆಯ ಕಿಟಕಿಯನ್ನು ಮುಚ್ಚಬೇಕು. ಮೂರು: ಈ ವಿವರಗಳು ಕಾರ್ಖಾನೆಯ ನೆರೆಯವರು ಓದುವ ಭಾಷೆಯಲ್ಲಿರಬೇಕು. ಪ್ರಚಾರವನ್ನು ಕುರಿತ 2022ರ ಮಾರ್ಗಸೂಚಿಯ ಪ್ರಕಾರ, ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದರ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಕೊಳ್ಳುವವನ ಮಟ್ಟಿಗೆ ಇದು ಸರಿ. ಆದರೆ ಚೀಟಿ ಇಂಗ್ಲಿಷಿನಲ್ಲಿದ್ದರೆ ಸಾಕ್ಷಿಯೂ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಹೊಳೆಯಾದರೋ ತಮಿಳಿನಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ ಹರಿಯುತ್ತದೆ.

ಜವಳಿಯ ರಸಾಯನಕ್ಕೂ ಕನ್ನಡದ ತ್ರೈಮಾಸಿಕಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಮ್ಮ ಓದುಗರಲ್ಲಿ ಡೊಂಬಿವಲಿಯ ಕನ್ನಡಿಗರು ಬಹಳಿದ್ದಾರೆ. 2020ರ ಫೆಬ್ರವರಿಯಲ್ಲಿ ಅಲ್ಲಿನ ಕೈಗಾರಿಕಾ ವಸಾಹತಿನ ರಸ್ತೆಯೊಂದು ರಸಾಯನದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಅವರು ಕಣ್ಣಾರೆ ಕಂಡವರು. 2016ರ ಮೇ ತಿಂಗಳಲ್ಲಿಯೂ 2024ರ ಮೇ ತಿಂಗಳಲ್ಲಿಯೂ ಅಲ್ಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜೀವಗಳು ಹೋದಾಗ ಕಿಟಕಿಯ ಗಾಜುಗಳನ್ನು ಗುಡಿಸಿದವರು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ, ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಕೈಗಳು ನಮ್ಮ ಅಕ್ಕತಂಗಿಯರ, ಅಣ್ಣತಮ್ಮಂದಿರ ಕೈಗಳು. ಹೊರನಾಡಿನಲ್ಲಿ ನಾವು ರಾಜ್ಯೋತ್ಸವವನ್ನೂ ನಾಟಕೋತ್ಸವವನ್ನೂ ಆಚರಿಸುತ್ತೇವೆ, ಆಚರಿಸಬೇಕು. ಆದರೆ ಭಾಷೆಯ ಕೆಲಸ ಹಾಡುವುದಷ್ಟೇ ಅಲ್ಲ, ಪ್ರಶ್ನೆ ಕೇಳುವುದೂ ಹೌದು. ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ರಸಾಯನ ತಂತ್ರಜ್ಞರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ನಮ್ಮ ನಮ್ಮ ವಸಾಹತಿನ ಒಂದೊಂದು ಕಾರ್ಖಾನೆಯ ನಮೂನೆ ಐದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು, ಅದರ ಸಾರವನ್ನು ಕನ್ನಡದಲ್ಲಿ ಈ ಪುಟಗಳಲ್ಲಿಯೇ ಅಚ್ಚುಹಾಕಿದರೆ ಯಾವ ಪರವಾನಗಿಯೂ ಬೇಕಾಗದು.

ಚೀಟಿ ಹೇಳುವುದನ್ನು ನಾನು ಸುಳ್ಳೆನ್ನುತ್ತಿಲ್ಲ. ಸುಳ್ಳೋ ನಿಜವೋ ಎಂದು ತಿಳಿಯುವ ಬಾಗಿಲನ್ನು ಮುಚ್ಚಿರುವುದನ್ನು ಅನ್ಯಾಯವೆನ್ನುತ್ತಿದ್ದೇನೆ. ಪರವಾನಗಿ ಕೊಡುವವರೂ ಪಡೆಯುವವರೂ ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ. ಆ ಮೇಜಿನಲ್ಲಿ ಹೊಳೆಯ ದಂಡೆಯವನಿಗೂ ಒಂದು ಕುರ್ಚಿ ಹಾಕಿ. ಚೀಟಿಯ ಮಾತನ್ನು ಆಮೇಲೆ ನಂಬೋಣ.